ಗುಂಡಿ ಒತ್ತುವ ಮೊದಲೇ ಹೊಡೆದ ಗಂಟೆ

ನಮ್ಮ ವಿಜ್ಞಾನ ಮಾಸ್ತರು ಅಧಿಕಾರಿಯ ಕಣ್ಣೆದುರೇ ತಂತಿಯಿಲ್ಲದೆ ಗಂಟೆ ಬಾರಿಸಿದರೆಂದು ಟಿಕೋಟಾದವರು ಇಂದಿಗೂ ಹೇಳುತ್ತಾರೆ. ಬಾರಿಸಿದ್ದು ಅವರೇ ಎಂಬುದಕ್ಕೆ ಸಾಕ್ಷಿ ಏನು?

ಮೊದಮೊದಲ ನಿಸ್ತಂತು ಯಂತ್ರಗಳಂತೆ ಅವರು ಗಾಜಿನ ಕೊಳವೆಯೊಂದರಲ್ಲಿ ಕಬ್ಬಿಣದ ಪುಡಿ ತುಂಬಿದ್ದರು. ಗುಂಡಿ ಒತ್ತಿ ದೂರದಲ್ಲಿ ಕಿಡಿ ಹಾರಿಸಿದರೆ, ಅದರ ಅಲೆಗೆ ಪುಡಿ ಒಂದಕ್ಕೊಂದು ಅಂಟಿ, ವಿದ್ಯುತ್ ಹರಿದು ಗಂಟೆ ಹೊಡೆಯಬೇಕು. ಮತ್ತೆ ಪುಡಿ ಸಡಿಲಾಗಲು ಕೊಳವೆಗೆ ಪೆನ್ಸಿಲಿನಿಂದ ತಟ್ಟಬೇಕು. ನಮ್ಮ ತಲೆಗಳಿಗೂ ಅದೇ ಪೆನ್ಸಿಲು: "ಹಳೇದು ಉದುರ್ಲಿ, ಹೊಸಾದು ಬರ್ಲಿ!"

ಶಾಲೆಯ ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ಅಂದು ಗಂಟೆ ಹೊಡೆಯದಿದ್ದರೆ ಪ್ರಯೋಗಾಲಯ ಬಿಸಿಯೂಟದ ಅಕ್ಕಿ ಕೋಣೆಯಾಗುವುದಿತ್ತು. ಮಾಸ್ತರು ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದರು. ಎದುರಿನ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಿಡಿ ಹಾರಿತು, ಇಲ್ಲಿ ಗಂಟೆ ಹೊಡೆಯಿತು. ಅಧಿಕಾರಿ ಚಪ್ಪಾಳೆ ತಟ್ಟಿದರು.

ಚರ್ಚಾಸ್ಪರ್ಧೆ ಗೆದ್ದ ಗತ್ತಿನಲ್ಲಿ ನಾನು ಎದ್ದು ನಿಂತೆ. "ಸರ, ಗುಂಡೀನ ಒತ್ತಿಲ್ರಿ!"

"ಕುಂದ್ರೋ ತಮ್ಮಾ," ಎಂದರು ಅಧಿಕಾರಿ, "ತಂತೀನ ಇಲ್ಲಂದಮ್ಯಾಲ ಗುಂಡಿ ಯಾಕ ಬೇಕು?"

ಪ್ರಯೋಗಾಲಯ ಉಳಿಯಿತು. ಮಾಸ್ತರು ಕೊಳವೆಗೊಮ್ಮೆ ತಟ್ಟಿದರು, ನನ್ನ ತಲೆಗೆ ಎರಡು ಸಲ.

ಮೊನ್ನೆ ವಿಜಯಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ನನ್ನನ್ನು ಕಂಡೊಡನೆ ಅವರ ಕೈ ಜೇಬಿನ ಪೆನ್ಸಿಲಿಗೆ ಹೋಯಿತು. ಆದರೂ ಕೇಳಿಯೇಬಿಟ್ಟೆ:

"ಸರ, ಖರೇ ಹೇಳ್ರಿ, ಅವತ್ತು ನೀವು ಗುಂಡಿ ಒತ್ತಿದ್ರ ಗಂಟಿ ಹೊಡೀತಿತ್ತೇನ್ರಿ?"