ಮೂರು ಸಲ ಗಾಳಿ ನೋಡುವ ಗೂಳಪ್ಪ

ಬೆಳಗಿನ ಐದು ಗಂಟೆ. ದೋಹಾದ ಅಲ್ ಮುಂತಜಾದ ಹಿಂದಿನ ಗಲ್ಲಿಗೆ ಸ್ಕೂಲ್ ಬಸ್ಸೊಂದು ಬಂದು ನಿಲ್ಲುತ್ತದೆ. ಟೈರ್ ಅಂಗಡಿಯ ಗೂಳಪ್ಪ ಮೊಣಕಾಲೂರಿ ಕುಳಿತು, ಮೀಟರ್ ಹಚ್ಚಿ ಗಾಳಿ ನೋಡುತ್ತಾರೆ. ಸರಿ ಇದೆ. ಮತ್ತೆ ನೋಡುತ್ತಾರೆ. ಮೂರನೇ ಸಲವೂ ಬಗ್ಗಿದಾಗ ಡ್ರೈವರ್ ಸಾಬಿತ್ ಕಿಟಕಿಯಿಂದ ಕೂಗುತ್ತಾನೆ: “ಖಲಾಸ್ ಮಾರಾಯ್ರೆ ಗೂಳಪ್ಪಣ್ಣ! ಇದು ಸ್ಕೂಲ್ ಬಸ್ಸು, ವಿಮಾನ ಅಲ್ಲ!”

ಗೂಳಪ್ಪ ನಗುತ್ತಾರೆ. ಬಸ್ಸು ತಿರುವು ದಾಟಿದ ಮೇಲೆ ಆ ನಗು ಉಳಿಯುವುದಿಲ್ಲ.

ಹುನಗುಂದದ ಕಡೆಯವರಾದ ಇವರು ಕತಾರಿಗೆ ಬಂದು ಇಪ್ಪತ್ತೆರಡು ವರ್ಷ. ಮೊದಲು ರಾಸ್ ಲಫಾನ್ ಗ್ಯಾಸ್ ಬಂದರಿಗೆ ಹೋಗುವ ಟ್ಯಾಂಕರುಗಳಿಗೆ ಟೈರ್ ಬದಲಿಸುತ್ತಿದ್ದರು. ಈಗ ದಿನಕ್ಕೆ ನಲವತ್ತು ಚಕ್ರಗಳು ಅವರ ಕೈ ಹಾಯುತ್ತವೆ. ಜನವರಿ ಬಂತೆಂದರೆ ಬೇರೆಯದೇ ಕೆಲಸ. ಅಂಗಡಿಯ ಮಾಲೀಕ, ಕನ್ನಡಿಗರೇ ಆದ ತಾಹಿರ್‌ಗೆ ಕಾರ್ ರ‍್ಯಾಲಿಯ ಹುಚ್ಚು. ಪ್ರತಿ ಚಳಿಗಾಲ ಅವರ ಕಾರು ಸ್ವೀಡನ್ನಿನ ಹಿಮ ಮುಚ್ಚಿದ ಹಳ್ಳಿ ರಸ್ತೆಗಳಲ್ಲಿ ಓಡುತ್ತದೆ. ಅದಕ್ಕೆಂದು ಬರುವ ಟೈರುಗಳಲ್ಲಿ ಒಂದೊಂದಕ್ಕೂ ಮುನ್ನೂರೆಂಬತ್ತು ಉಕ್ಕಿನ ಮೊಳೆ. ಎಲ್ಲವನ್ನೂ ಗೂಳಪ್ಪ ಬೆರಳಲ್ಲೇ ಮುಟ್ಟಿ, ಸಡಿಲಾದದ್ದನ್ನು ಹುಡುಕುತ್ತಾರೆ. ಆದರೆ ಟೈರಿನ ಜೊತೆ ತಾವು ಹೋಗುವುದಿಲ್ಲ. ತಾಹಿರ್ ಕರೆಯುತ್ತಾರೆ, ಇವರು ಸೊಂಟನೋವೆಂದು ನೆಪ ಹೇಳುತ್ತಾರೆ.

ಆರು ವರ್ಷದ ಹಿಂದೆ ಒಮ್ಮೆ ಹೋಗಿದ್ದರು. ಆಗ ಸ್ಟಿಯರಿಂಗ್ ಹಿಡಿದವನು ಇದೇ ಸಾಬಿತ್. ಕೊನೆಯ ದಿನ ಹೊರಡುವಾಗ ಅವನದು ಎರಡನೇ ಸ್ಥಾನ. ಮುಂದಿನದನ್ನು ಗೂಳಪ್ಪನವರೇ ಹೇಳುತ್ತಾರೆ:

“ಇಲ್ಲಿ ಉಸುಕಿನ್ಯಾಗ ಗಾಡಿ ಸಿಕ್ಕೊಳ್ಳಬಾರದಂದ್ರ ಗಾಲಿ ಗಾಳಿ ಇಳಿಸ್ತೀವ್ರಿ. ಅದ ನನ್ನ ವಿದ್ಯಾ. ಅಲ್ಲಿ ಹಿಮ ನೋಡಿದೆ, ಬಿಳೀ ಉಸುಕು ಅನಿಸ್ತು. ಯಾರ್ನೂ ಕೇಳಲಿಲ್ಲ, ನಾಕೂ ಗಾಲಿ ಗಾಳಿ ಇಳಿಸಿಬಿಟ್ಟೆ.”

ಹಿಮದಲ್ಲಿ ಟೈರು ಬಿಗಿಯಾಗಿರಬೇಕು. ಆಗಲೇ ಮೊಳೆ ಕೆಳಗಿನ ಮಂಜುಗಡ್ಡೆಯನ್ನು ಕಚ್ಚುವುದು. ಗುರಿ ಹನ್ನೊಂದು ಕಿಲೋಮೀಟರ್ ಇದ್ದಾಗ ಒಂದು ತಿರುವಿನಲ್ಲಿ ಟೈರು ರಿಮ್ ಬಿಟ್ಟಿತು. ಕಾರು ಹಿಮದ ಗೋಡೆಗೆ ನುಗ್ಗಿತು. ಯಾರಿಗೂ ಪೆಟ್ಟಾಗಲಿಲ್ಲ. ತಿರುವಿಗೆ ವೇಗ ಜಾಸ್ತಿ ಆಯಿತೆಂದು ಎಲ್ಲರೂ ಸಾಬಿತ್‌ನನ್ನು ದೂರಿದರು.

ಗೂಳಪ್ಪನವರ ದನಿ ಇಲ್ಲಿ ತಗ್ಗುತ್ತದೆ. “ಗಾಡಿ ಎಳಕೊಂಡು ಬಂದ ಮ್ಯಾಲೆ, ಯಾರರ ನೋಡೋದ್ರೊಳಗ ಉಳಿದ ಮೂರು ಗಾಲಿಗೆ ಗಾಳಿ ಹೊಡದೆ. ಬಾಯಿ ಮುಚ್ಚಿಕೊಂಡು ನಿಂತೆ. ಮರುವರ್ಷ ತಾಹಿರ್ ಸಾಹೇಬ್ರು ಅವನ್ನ ಬಿಟ್ಟು ಬ್ಯಾರೆ ಡ್ರೈವರ್‌ನ್ನ ತಗೊಂಡ್ರು. ಆ ಹುಡುಗ ‘ನನ್ನ ವೇಗಾನ ತಪ್ಪಾತಣ್ಣ’ ಅಂತ ನನ್ನ ಮುಂದನ ಅತ್ತಾನ್ರಿ.”

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವರು ಗೂಳಪ್ಪ, ಉಂಡವನು ಸಾಬಿತ್. ಅಂದಿನಿಂದ ಈ ಮಾತು ಅವರಿಗೆ ಬಾಯೊಳಗಿನ ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಆರು ವರ್ಷ ಕಳೆದ ಮೇಲೆ ಮೊದಲ ಬಾರಿಗೆ, ಈ ಬರಹಕ್ಕಾಗಿ, ಬಾಯಿ ಬಿಟ್ಟಿದ್ದಾರೆ.

ಅದೂ ಒಂದು ಷರತ್ತಿನ ಮೇಲೆ. ಫೋಟೊ ಬೇಡ, ಹೊಗಳಿಕೆ ಬೇಡ, ಇದು ಅಚ್ಚಾದ ಪತ್ರಿಕೆಯ ಒಂದು ಪ್ರತಿ ಬೇಕು.

“ನಾನಾಗಿ ಹೇಳಾಕ ಹ್ವಾದ್ರ ನಾಲಿಗಿ ಏಳಂಗಿಲ್ಲ. ಸಾಬಿತ್ ಇಲ್ಲೇ ಹುಟ್ಟಿ ಬೆಳದಾಂವ, ಕನ್ನಡ ಮಾತಾಡ್ತಾನ, ಓದಾಕ ಬರಂಗಿಲ್ಲ. ಶುಕ್ರವಾರ ಬಸ್ಸಿಗೆ ರಜಾ. ಅವನ್ನೂ ಸಾಹೇಬ್ರನ್ನೂ ಎದರಿಗೆ ಕುಂಡ್ರಿಸಿಕೊಂಡು, ನಾನ ಓದಿ ಹೇಳ್ತೀನ್ರಿ.”