ಸಪ್ಪಳ ಮಾಡದ ಕೀಲು

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ವೈನಿಯ ಪ್ಲಾಸ್ಟಿಕ್ ಕುರ್ಚಿ ಕಟಕ್ ಎಂದಿತು. ಮೂಲೆಯಲ್ಲಿದ್ದ ಆಯಿ ತಲೆ ಎತ್ತಲಿಲ್ಲ; ನಮ್ಮ ಅಜ್ಜಿಗೆ ಈಗ ಕಿವಿ ಮಂದ. ನನಗೆ ಮಾತ್ರ ಇಂಡಿ ಪಟ್ಟಣದ ಆ ಚಿಕ್ಕ ದವಾಖಾನೆ ನೆನಪಾಯಿತು.

ವೈನಿ ನನ್ನ ಅಣ್ಣನ ಹೆಂಡತಿ. ತಾಂಬಾದ ನಮ್ಮ ಮನೆಯಲ್ಲಿ ಅವಳು ನೆಲಕ್ಕೆ ಕುಳಿತು ರೊಟ್ಟಿ ಬಡಿಯುತ್ತಿದ್ದರೆ ಓಣಿಯ ಹೆಣ್ಣುಮಕ್ಕಳೆಲ್ಲ ಸುತ್ತ ಸೇರುತ್ತಿದ್ದರು. ರೊಟ್ಟಿಗಿಂತ ಹರಟೆಯೇ ಹೆಚ್ಚು ಬೇಯುತ್ತಿತ್ತೆನ್ನಿ. ಹೆರಿಗೆಯಾದ ಮೇಲೆ ಟೊಂಕದ ಕೆಳಗಿನ ಕೀಲು ಹಿಡಿದುಕೊಂಡಿತು. ನೆಲಕ್ಕೆ ಕುಳಿತರೆ ಏಳಲು ನನ್ನ ಕೈ ಬೇಕಾಯಿತು.

ಇಂಡಿಯಲ್ಲಿ ಆಸ್ಟಿಯೋಪಥಿ ಎಂಬ ಬೋರ್ಡಿನಡಿ ಒಬ್ಬ ಡಾಕ್ಟರಮ್ಮ ಕೈಯಿಂದಲೇ ಕೀಲುನೋವಿಗೆ ಚಿಕಿತ್ಸೆ ಕೊಡುತ್ತಿದ್ದರು. ನಾನೇ ಕರೆದೊಯ್ದೆ. ಬಸ್ ಟಿಕೆಟ್ಟನ್ನೂ ತಾರೀಖು ಹಾಕಿ ದಿನಚರಿಗೆ ಅಂಟಿಸುವವಳು ನಾನು. ಊರಿನ ಲೆಕ್ಕ ಬರೆದಿಡುವವನ ಹಾಗೆ, ಮನೆಯಲ್ಲಿ ನನಗೆ 'ತಲಾಟಿ' ಎಂದೇ ಹೆಸರು.

ಡಾಕ್ಟರಮ್ಮ ವೈನಿಯ ಬೆನ್ನಿನ ಬುಡಕ್ಕೆ ಅಂಗೈ ಕೊಟ್ಟು, "ಉಸಿರು ಬಿಡ್ರಿ ಅಕ್ಕಾರ, ಮೈ ಬಿಗಿ ಹಿಡೀಬ್ಯಾಡ್ರಿ" ಎಂದರು. ಕೈ ಅಲುಗಿತೋ ಇಲ್ಲವೋ ತಿಳಿಯಲಿಲ್ಲ. ಹೊರಡುವಾಗ, "ಇನ್ನ ನಾಕೈದು ಸರ್ತಿ ಬರ್ರಿ. ಯಾರ ಕಡೀಂದನೂ ಜಗ್ಗಿಸ್ಕೋಬ್ಯಾಡ್ರಿ."

ಮರುದಿನ ವೈನಿ ನನ್ನ ಕೈ ಹಿಡಿಯದೆ ಎದ್ದಳು. ಆದರೆ ಆಯಿಯ ಪ್ರಶ್ನೆಯೇ ಬೇರೆ.

"ಕಟಕ್ ಅಂತೇನ?"

"ಇಲ್ರಿ ಆಯಿ," ಎಂದು ನಾನು ಇದ್ದದ್ದನ್ನೇ ಹೇಳಿದೆ.

"ಸಪ್ಪಳಿಲ್ದ ಎಲುಬು ಕೂಡ್ತೈತೇನ? ಆಕಿ ಬರೇ ಸವರಿ ಕಳಿಸ್ಯಾಳ!"

ನಮ್ಮ ಕಡೆ ಉಳುಕು ತೆಗೆದದ್ದಕ್ಕೆ ಸಪ್ಪಳವೇ ಸಾಕ್ಷಿ. ಇಂಡಿಗೆ ಹೋಗುವುದು ನಿಂತಿತು. ಪಕ್ಕದ ಊರಿನ ಎಲುಬು ಕೂಡಿಸುವವನು ಬಂದು, ವೈನಿಯ ಕಾಲು ಹಿಡಿದು ಒಮ್ಮೆಲೇ ಜಗ್ಗಿದ. ಸಪ್ಪಳ ಪಡಸಾಲೆಗೂ ಕೇಳಿಸಿತು. "ಕೂಡ್ತು ನೋಡ್ರಿ!" ಎಂದು ಆಯಿ ಎಲ್ಲರಿಗೂ ಬೆಲ್ಲ ಹಂಚಿದಳು. ವೈನಿ ಸೆರಗು ಕಚ್ಚಿಕೊಂಡು ಮಲಗಿದ್ದಳು. ಮತ್ತೆ ಅವಳು ನೆಲಕ್ಕೆ ಕೂರಲಿಲ್ಲ. ನಾವು ಪುನಃ ಇಂಡಿಗೆ ಹೋದಾಗ ಆ ದವಾಖಾನೆಯ ಷಟರ್ ಮೇಲೆ ಮೊಬೈಲ್ ಅಂಗಡಿಯ ಬೋರ್ಡಿತ್ತು.

ಈಗ ವೈನಿ ಗ್ಯಾಸಿನ ಕಟ್ಟೆಯ ಮುಂದೆ ಕುರ್ಚಿಯಲ್ಲಿ ಕುಳಿತು ರೊಟ್ಟಿ ಬಡಿಯುತ್ತಾಳೆ. ಓಣಿಯವರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಾರೆ.

ಇವತ್ತು ಕುರ್ಚಿಯ ಸಪ್ಪಳಕ್ಕೆ, "ಕೇಳಿದೇನ ತಲಾಟಿ? ಈಗ ಕೂಡ್ತು" ಎಂದು ನಕ್ಕಳು. ಆಮೇಲೆ ರೊಟ್ಟಿ ಮಗುಚುತ್ತ, "ಅವತ್ತ ನೀ ಆಯಿಗೆ 'ಹೂಂರಿ, ಕಟಕ್ ಅಂತು' ಅಂತ ಒಂದ್ ಸುಳ್ಳು ಹೇಳಬೇಕಿತ್ತ ನೋಡು" ಎಂದಳು.

ನಾನು ಎಂದಿನಂತೆ ನೆಲದ ಮೇಲಿದ್ದೆ. ಎದ್ದು ಪಡಸಾಲೆಯಿಂದ ಇನ್ನೊಂದು ಕುರ್ಚಿ ತಂದು ಅವಳ ಪಕ್ಕಕ್ಕೆ ಹಾಕಿಕೊಂಡೆ.