ನಲವತ್ತೊಂದನೆಯ ಪುಟದ ಟೋಪಿ

ಬೆಳಗಿನ ಐದು ಗಂಟೆ. ವಿಸ್ಕಾನ್ಸಿನ್ನಿನ ಈ ಶಾಲೆಯ ಜಿಮ್ ನೆಲದ ಮೇಲೆ, ಸ್ಪರ್ಧೆಗೆಂದು ಊರೂರು ಸುತ್ತುತ್ತಿರುವ ನೂರಿಪ್ಪತ್ತು ಮಕ್ಕಳು ಇನ್ನೂ ನಿದ್ದೆಯಲ್ಲಿದ್ದಾರೆ. ಹೊರಗೆ ಲಾರಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತ ಎಪ್ಪತ್ತೆಂಟರ ಜೆನೆವೀವ್ ಶಿಮಾನ್ಸ್ಕಿ ಟೋಪಿಯೊಂದಕ್ಕೆ ಗಲ್ಲಪಟ್ಟಿ ಹೊಲಿಯುತ್ತಿದ್ದಾರೆ. ದಾರವನ್ನು ಮೇಣದುಂಡೆಯ ಮೇಲೆ ಮೂರು ಸಲ ಎಳೆಯುತ್ತಾರೆ, ಹೊಲಿಯುತ್ತಾರೆ, ಹಲ್ಲಿನಲ್ಲಿ ಕಡಿಯುತ್ತಾರೆ. ಆಮೇಲೆ ಪಟ್ಟಿಯನ್ನು ಜಗ್ಗುತ್ತಾರೆ, ಯಾರದೋ ಕಿವಿ ಹಿಂಡುವಂತೆ.

ಹಿಂಡಬೇಕೆನಿಸಿರುವ ಕಿವಿಯೂ ಒಂದಿದೆ.

ಈ ಮಕ್ಕಳದು ಡೋಲು, ತುತ್ತೂರಿ ನುಡಿಸುತ್ತ ಮೈದಾನದಲ್ಲಿ ಕವಾಯತು ಮಾಡುವ ಸೇಂಟ್ ಹೆಡ್ವಿಗ್ ಡ್ರಮ್ ಮತ್ತು ಬ್ಯೂಗಲ್ ಪಡೆ. ಅದಕ್ಕೆ ಈ ವರ್ಷ ಎಪ್ಪತ್ತೈದು ತುಂಬುತ್ತದೆ. ಅದರ ಇತಿಹಾಸ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಕರಡಿನ ನಲವತ್ತೊಂದನೆಯ ಪುಟ ಹೇಳುತ್ತದೆ: ಐವತ್ತು ವರ್ಷದ ಹಿಂದೆ ಅಂತಿಮ ಸ್ಪರ್ಧೆಯಲ್ಲಿ ಹದಿನಾಲ್ಕರ ಲಿಯೊ ವ್ರೋನಾ ಅಜಾಗರೂಕತೆಯಿಂದ ಟೋಪಿ ಬೀಳಿಸಿದ, ಪ್ರಶಸ್ತಿ ಕೈತಪ್ಪಿತು. ಮೈದಾನದಲ್ಲಿ ಏನು ಬಿದ್ದರೂ ಅಂಕ ಕಳೆಯುತ್ತಿದ್ದ ಕಾಲ ಅದು. ಟೋಪಿಗೆ ಕಳೆದದ್ದು ಒಂದು ಅಂಕದ ಹತ್ತರಲ್ಲಿ ಎರಡು ಪಾಲು, ಸೋತದ್ದು ಒಂದೇ ಪಾಲಿನಲ್ಲಿ.

"ಅಜಾಗರೂಕತೆಯಂತೆ!" ಜೆನೆವೀವ್ ತಮ್ಮಷ್ಟಕ್ಕೇ ಗೊಣಗುತ್ತ ಸೂಜಿ ಚುಚ್ಚುತ್ತಾರೆ. "ಆ ಮಗು ಕತ್ತೂ ಅಲ್ಲಾಡಿಸ್ಲಿಲ್ಲ. ಹಿಂದಿನ ದಿನ ಪಟ್ಟಿ ಹೊಲಿದೋಳು ನಾನು. ಮೇಣ ಮುಗಿದಿತ್ತು. ಇಷ್ಟು ಸಾಕು ಬಿಡು ಅಂತ ಬರೀ ದಾರದಲ್ಲಿ ಹೊಲಿದೆ. ಬೆವರಿಗೆ ನೆಂದು ಕಿತ್ತು ಬಂತು. ಆಗ್ಲೇ ಹೇಳ್ದೆ. ಹುಡುಗನ್ನ ಬಚಾವ್ ಮಾಡೋಕೆ ಸುಳ್ಳು ಹೇಳ್ತಿದಾಳೆ ಅಂದ್ರು."

ಲಿಯೊ ಮತ್ತೆ ಬ್ಯೂಗಲ್ ಮುಟ್ಟಲಿಲ್ಲ. ಈಗ ಊರಿನ ಬಸ್ಸು ಓಡಿಸುತ್ತಾನೆ. ಪಡೆಯ ಮೆರವಣಿಗೆ ಕಂಡರೆ ಬೇರೆ ಬೀದಿಗೆ ತಿರುಗಿಸುತ್ತಾನೆ. ಜೆನೆವೀವ್ ಮಾತ್ರ ಪಡೆಯನ್ನು ಬಿಡಲಿಲ್ಲ. ಐವತ್ತೆರಡು ಬೇಸಿಗೆ, ಪ್ರತಿ ಬೇಸಿಗೆಗೂ ನೂರಿಪ್ಪತ್ತು ಕೋಟು, ಸಾವಿರದೈನೂರು ಗುಂಡಿ.

ಪಡೆಯ ನಿರ್ದೇಶಕ ಕರ್ಟಿಸ್ ಈ ಗೊಣಗಾಟ ಕೇಳಿಸಿಕೊಂಡೇ ಕಾಫಿ ಹಿಡಿದು ಬರುತ್ತಾನೆ. ಮಕ್ಕಳಂತೆ ಅವನೂ ಆಕೆಯನ್ನು ಕರೆಯುವುದು ಬೂಷಾ ಎಂದೇ, ಅಂದರೆ ಅಜ್ಜಿ.

"ಹಳೇ ಮಾತು ಬಿಡಿ ಬೂಷಾ. ಯಾರು ಓದ್ತಾರೆ?"

"ಯಾರೂ ಓದದ್ದನ್ನ ಯಾಕೋ ಅಚ್ಚು ಹಾಕ್ಸ್ತೀಯ? ಲಿಯೊ ಓದ್ತಾನೆ. ಅವನ ಮೊಮ್ಮಗಳು ಓದ್ತಾಳೆ."

ಇನ್ನೂರು ಪುಟಗಳಲ್ಲಿ ಎಲ್ಲ ನಿರ್ದೇಶಕರ ಚಿತ್ರಗಳಿವೆ, ಲಾರಿಯದೂ ಇದೆ. ಜೆನೆವೀವ್ ಹೆಸರು ಎಲ್ಲೂ ಇಲ್ಲ. ಅದು ಕರ್ಟಿಸ್‌ಗೆ ಈಗ ಹೊಳೆಯುತ್ತದೆ. "ಕೊನೇಲಿ ವಂದನೆಗಳು ಅಂತ ಒಂದು ಪುಟ ಇದೆ. ಅಲ್ಲಿ ನಿಮ್ಮ ಹೆಸರು ಹಾಕ್ಸ್ಲಾ?"

"ವಂದನೆ ನೀನೇ ಇಟ್ಕೊ." ಜೆನೆವೀವ್ ಟೋಪಿಯನ್ನು ಅವನ ತಲೆಗೆ ಒತ್ತಿ, ಪಟ್ಟಿ ಬಿಗಿಯುತ್ತಾರೆ. "ನಲವತ್ತೊಂದನೇ ಪುಟದಲ್ಲಿ ಲಿಯೊ ಹೆಸರು ತೆಗಿ. ಅಲ್ಲಿ ನನ್ನ ಹೆಸರು ಹಾಕು, ಪೂರ್ತಿಯಾಗಿ. ಜಾಗ ಉಳಿದ್ರೆ, ಆಮೇಲಿಂದ ಒಂದು ಟೋಪೀನೂ ಬಿದ್ದಿಲ್ಲ ಅಂತಾನೂ ಬರಿ."